ಗ್ಯಾಸ್ ತುಂಬುವ ಮೊದಲು: ಎ.ಸಿ., ಫ್ರಿಜ್ ಮತ್ತು ಕೋಲ್ಡ್ ಸ್ಟೋರೇಜ್ ಕೆಲಸದ ತರಬೇತಿ

ಎ.ಸಿ. ಮತ್ತು ಫ್ರಿಜ್ ದುರಸ್ತಿಯ ಕೆಲಸಕ್ಕೆ ಕಾಲಿಡುವುದು ಕಷ್ಟವಲ್ಲ. ಒಬ್ಬ ಮೆಕ್ಯಾನಿಕ್‌ನ ಹಿಂದೆ ಒಂದು ಬೇಸಿಗೆ ಹೆಲ್ಪರ್ ಆಗಿ ಓಡಾಡಿದರೆ ಫಿಲ್ಟರ್ ತೊಳೆಯುವುದು, ಗೋಡೆಗೆ ಬ್ರಾಕೆಟ್ ಹೊಡೆಯುವುದು, ಗ್ಯಾಸ್ ಚಾರ್ಜ್ ಮಾಡುವುದು ಕೈಗೆ ಹತ್ತುತ್ತದೆ. ತೊಡಕು ಶುರುವಾಗುವುದು ಆಮೇಲೆ. ಯಂತ್ರ ತಂಪು ಕೊಡುತ್ತಿಲ್ಲ ಎಂದು ಕರೆ ಬಂದಾಗ ಕಾರಣ ಹುಡುಕಲು ತಿಳಿಯದವರು ಸಿಲಿಂಡರ್ ತೆಗೆದು ಗ್ಯಾಸ್ ತುಂಬುತ್ತಾರೆ. ಹದಿನೈದು ದಿನಕ್ಕೆ ಅದೇ ಮನೆಯಿಂದ ಮತ್ತೆ ಕರೆ ಬರುತ್ತದೆ. ಐ.ಟಿ.ಐ. ಮುಗಿಸಿದವರಲ್ಲೂ ಈ ಕೊರತೆ ಅಪರೂಪವಲ್ಲ. ಹೆಲ್ಪರ್ ಆಗಿಯೇ ಬೆಳೆದವರಲ್ಲಂತೂ ಸಾಮಾನ್ಯ. ಹಾಗಾಗಿ ಈ ವೃತ್ತಿಗೆ ತರಬೇತಿ ಹುಡುಕುವವರು ಮೊದಲು ನೋಡಬೇಕಾದದ್ದು ಒಂದನ್ನು: ಅಲ್ಲಿ ಅಳೆದು ನೋಡಿ ದೋಷ ಹುಡುಕುವುದನ್ನು ಕಲಿಸುತ್ತಾರೆಯೇ, ಅಥವಾ ಬಿಚ್ಚಿ ಜೋಡಿಸುವುದನ್ನು ಮಾತ್ರವೇ?

ತಂಪಾಗುವುದು ಹೇಗೆ

ಎ.ಸಿ. ತಂಪನ್ನು ಉತ್ಪಾದಿಸುವುದಿಲ್ಲ. ಕೋಣೆಯ ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುತ್ತದೆ, ಅಷ್ಟೆ. ದ್ರವ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಇದಕ್ಕೆ ಗುಪ್ತೋಷ್ಣ ಎಂಬ ಹೆಸರಿದೆ. ನೀರಿನ ಬದಲು ಬಹಳ ಕಡಿಮೆ ಉಷ್ಣಾಂಶದಲ್ಲೇ ಕುದಿಯುವ ಶೀತಕವನ್ನು ಬಳಸಿದರೆ ಕೋಣೆಯ ಗಾಳಿಯ ಶಾಖವೇ ಅದನ್ನು ಕುದಿಸಲು ಸಾಕಾಗುತ್ತದೆ. ಸಾಮಾನ್ಯ ವಾಯು ಒತ್ತಡದಲ್ಲಿ ಆರ್-22 ಸುಮಾರು ಮೈನಸ್ 41 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆರ್-32 ಮೈನಸ್ 52ರಲ್ಲಿ, ಮನೆಯ ಹೊಸ ಫ್ರಿಜ್‌ಗಳಲ್ಲಿರುವ ಆರ್-600ಎ ಮೈನಸ್ 12ರಲ್ಲಿ ಕುದಿಯುತ್ತವೆ.

ಒತ್ತಡ ಹೆಚ್ಚಿದಂತೆ ಕುದಿಯುವ ಉಷ್ಣಾಂಶವೂ ಏರುತ್ತದೆ. ಇಡೀ ಯಂತ್ರ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಒಳಗಿನ ಎವಾಪೊರೇಟರ್ ಕಾಯಿಲ್‌ನಲ್ಲಿ ಶೀತಕ ಕಡಿಮೆ ಒತ್ತಡದಲ್ಲಿ ಕುದಿದು ಶಾಖ ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಬಿಸಿ ಮಾಡುತ್ತದೆ. ಹೊರಗಿನ ಕಂಡೆನ್ಸರ್‌ನಲ್ಲಿ ಅದು ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ. ಕ್ಯಾಪಿಲರಿ ಅಥವಾ ಎಕ್ಸ್‌ಪಾನ್ಷನ್ ವಾಲ್ವ್ ದಾಟುವಾಗ ಒತ್ತಡ ಇಳಿದು ಸುತ್ತು ಮತ್ತೆ ಆರಂಭವಾಗುತ್ತದೆ. ಈ ದಿಕ್ಕನ್ನು ತಿರುಗಿಸಿದರೆ ಅದೇ ಯಂತ್ರ ಕೋಣೆಯನ್ನು ಬಿಸಿ ಮಾಡುತ್ತದೆ. ಹೋಟೆಲು, ಹಾಸ್ಟೆಲುಗಳಲ್ಲಿ ಸ್ನಾನದ ನೀರು ಕಾಯಿಸುವ ಹೀಟ್ ಪಂಪ್ ಕೂಡ ಇದೇ ತತ್ವದ್ದು. ಆದ್ದರಿಂದ ಕಾಯಿಸುವ ಯಂತ್ರ, ತಣಿಸುವ ಯಂತ್ರ ಎರಡಕ್ಕೂ ಮೂಲಪಾಠ ಒಂದೇ.

ಕೆಲಸ ಇರುವ ಜಾಗಗಳು

ಮನೆಯ ಸ್ಪ್ಲಿಟ್ ಎ.ಸಿ. ಈ ವೃತ್ತಿಯ ಒಂದು ಮೂಲೆ ಮಾತ್ರ. ಕರ್ನಾಟಕದಲ್ಲೇ ನೋಡಿದರೆ, ಹಳ್ಳಿಯ ಹಾಲು ಸಂಗ್ರಹ ಕೇಂದ್ರಗಳಲ್ಲಿ ಹಾಲನ್ನು 4 ಡಿಗ್ರಿಗೆ ಇಳಿಸುವ ಬಲ್ಕ್ ಮಿಲ್ಕ್ ಕೂಲರ್‌ಗಳಿವೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್‌ಗಳಿವೆ. ಮಲ್ಪೆ, ಮಂಗಳೂರಿನ ಬಂದರುಗಳ ಮೀನುಗಾರಿಕೆ ಮಂಜುಗಡ್ಡೆ ಕಾರ್ಖಾನೆಗಳಿಲ್ಲದೆ ನಡೆಯದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆಯನ್ನು 2ರಿಂದ 8 ಡಿಗ್ರಿಯ ನಡುವೆ ಕಾಯುವ ಐಸ್-ಲೈನ್ಡ್ ರೆಫ್ರಿಜರೇಟರ್ ಇರುತ್ತದೆ. ಬೆಂಗಳೂರಿನ ಡೇಟಾ ಸೆಂಟರ್, ಆಸ್ಪತ್ರೆ, ಔಷಧ ಕಾರ್ಖಾನೆಗಳಲ್ಲಿ ಚಿಲ್ಲರ್ ಪ್ಲಾಂಟ್‌ಗಳು ಹಗಲಿರುಳು ಓಡುತ್ತವೆ. ಕೈಗಾರಿಕಾ ಶೈತ್ಯೀಕರಣದಲ್ಲಿ ಇಂದಿಗೂ ಅಮೋನಿಯಾದ ಬಳಕೆ ವ್ಯಾಪಕವಾಗಿದೆ. ಅದರ ಸೋರಿಕೆ ಪ್ರಾಣಾಂತಿಕ, ಆದ್ದರಿಂದ ಆ ಕೆಲಸಕ್ಕೆ ಬೇರೆಯೇ ತರಬೇತಿ ಬೇಕು.

ಬೇಡಿಕೆಯನ್ನು ಬದಲಿಸುತ್ತಿರುವ ಇನ್ನೊಂದು ಸಂಗತಿ ಶೀತಕಗಳದು. ಓಜೋನ್ ಪದರ ಉಳಿಸಲು 1987ರಲ್ಲಿ ಆದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಆರ್-22 ಹಿಂದೆ ಸರಿಯುತ್ತಿದೆ. 2016ರ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅಂಗೀಕರಿಸಿತು. ಅದರಂತೆ ಭೂಮಿಯನ್ನು ಬಿಸಿ ಮಾಡುವ ಎಚ್‌.ಎಫ್‌.ಸಿ. ಶೀತಕಗಳ ಬಳಕೆ 2032ರಿಂದ ಹಂತಹಂತವಾಗಿ ಇಳಿಯಬೇಕು. ಮುಂದಿನ ಇಪ್ಪತ್ತು ವರ್ಷ ಕೆಲಸ ಮಾಡುವ ಮೆಕ್ಯಾನಿಕ್ ಹಳೆಯ ಆರ್-22, ಈಗಿನ ಆರ್-410ಎ ಮತ್ತು ಆರ್-32, ಬೇಗ ಹೊತ್ತಿಕೊಳ್ಳುವ ಆರ್-290 ಎಲ್ಲವನ್ನೂ ಎದುರಿಸುತ್ತಾನೆ. ಒಂದೇ ಶೀತಕದ ಮೇಲೆ ಕೈ ಪಳಗಿಸಿದ ಅಭ್ಯಾಸ ಇನ್ನು ಸಾಲದು.

ಕಲಿಯುವ ದಾರಿಗಳು

1. ಐ.ಟಿ.ಐ. ರೆಫ್ರಿಜರೇಷನ್ ಮತ್ತು ಏರ್ ಕಂಡಿಷನಿಂಗ್ ಟೆಕ್ನಿಷಿಯನ್ ಎಂಬುದು ಎರಡು ವರ್ಷದ ಟ್ರೇಡ್. ಎಸ್‌.ಎಸ್‌.ಎಲ್‌.ಸಿ.ಯಲ್ಲಿ ವಿಜ್ಞಾನ ಮತ್ತು ಗಣಿತ ಓದಿ ಪಾಸಾಗಿರಬೇಕು. ಕರ್ನಾಟಕದಲ್ಲಿ ಪ್ರವೇಶ ನಡೆಸುವುದು ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ. ಈಗಿನ ಪಠ್ಯಕ್ರಮದಲ್ಲಿ ವರ್ಷಕ್ಕೆ 1,200 ಗಂಟೆಯ ಕಲಿಕೆ ಇದ್ದು, ಅದರಲ್ಲಿ 840 ಗಂಟೆ ಪ್ರಾಯೋಗಿಕ ಕೆಲಸಕ್ಕೆ ಮೀಸಲು. ಮೆಟಲ್ ಕೆಲಸ, ವೈರಿಂಗ್, ಫ್ರಿಜ್‌ನಿಂದ ಹಿಡಿದು ಸೆಂಟ್ರಲ್ ಪ್ಲಾಂಟ್ ತನಕ ಪಾಠವಿರುತ್ತದೆ. ದಾರಿ ದೀರ್ಘ, ಆದರೆ ತಳಪಾಯ ಗಟ್ಟಿ. ಮುಂದೆ ಡಿಪ್ಲೊಮಾಗೆ ಹೋಗಬೇಕೆನ್ನುವವರಿಗೆ ಲ್ಯಾಟರಲ್ ಎಂಟ್ರಿಯ ಬಾಗಿಲೂ ತೆರೆದಿರುತ್ತದೆ.

2. ಅಪ್ರೆಂಟಿಸ್‌ಶಿಪ್. 1961ರ ಅಪ್ರೆಂಟಿಸ್ ಕಾಯ್ದೆಯಡಿ ಐ.ಟಿ.ಐ. ಮುಗಿಸಿದವರು ಕಂಪನಿಯಲ್ಲಿ ಸ್ಟೈಪೆಂಡ್ ಪಡೆಯುತ್ತ ಕಲಿಯಬಹುದು. ಕೊನೆಯಲ್ಲಿ ಪರೀಕ್ಷೆ ಬರೆದು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಪಡೆಯುತ್ತಾರೆ. ಐ.ಟಿ.ಐ. ಮುಗಿದ ಕೂಡಲೇ ಸಂಬಳದ ಕೆಲಸಕ್ಕೆ ಹೋಗುವ ಆತುರದಲ್ಲಿ ಹಲವರು ಇದನ್ನು ಬಿಟ್ಟುಬಿಡುತ್ತಾರೆ. ದೊಡ್ಡ ಚಿಲ್ಲರ್ ಪ್ಲಾಂಟ್ ಇರುವಲ್ಲಿ ಅಪ್ರೆಂಟಿಸ್ ಆಗುವ ಅವಕಾಶ ಸಿಕ್ಕರೆ ಅದನ್ನು ಕೈಬಿಡಬಾರದು. ಅಂಥ ಯಂತ್ರ ಐ.ಟಿ.ಐ. ವರ್ಕ್‌ಶಾಪಿನಲ್ಲಿ ಓಡುವ ಸ್ಥಿತಿಯಲ್ಲಿ ಸಿಗುವುದು ಕಡಿಮೆ.

3. ಅಲ್ಪಾವಧಿ ಕೋರ್ಸ್. ಕೌಶಲ ಯೋಜನೆಗಳಡಿ ಫೀಲ್ಡ್ ಟೆಕ್ನಿಷಿಯನ್ – ಏರ್ ಕಂಡಿಷನರ್ ಮುಂತಾದ ಹೆಸರಿನಲ್ಲಿ ಕೆಲವು ತಿಂಗಳ ತರಬೇತಿಗಳಿವೆ. ಈಗಾಗಲೇ ಎಲೆಕ್ಟ್ರಿಷಿಯನ್ ಕೆಲಸ ಗೊತ್ತಿದ್ದವರಿಗೆ, ಹೆಲ್ಪರ್ ಆಗಿ ಕೈ ಪಳಗಿದವರಿಗೆ ಇವು ಒದಗುತ್ತವೆ. ಏನೂ ಗೊತ್ತಿಲ್ಲದೆ ಸೇರಿದವರು ಇದನ್ನು ಮೊದಲ ಮೆಟ್ಟಿಲೆಂದಷ್ಟೇ ತಿಳಿಯಬೇಕು.

4. ಮೆಕ್ಯಾನಿಕ್‌ನ ಕೈಕೆಳಗೆ ಕಲಿಯುವುದು. ಕೈಕೆಲಸ ಇಲ್ಲಿ ಬೇಗ ಬರುತ್ತದೆ. ಒಳ್ಳೆಯ ಗುರು ಸಿಕ್ಕರೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಆದರೆ ಗುರುವಿನ ತಪ್ಪು ಅಭ್ಯಾಸಗಳೂ ಜೊತೆಗೇ ಬರುತ್ತವೆ, ಕೈಯಲ್ಲಿ ಪ್ರಮಾಣಪತ್ರವೂ ಇರುವುದಿಲ್ಲ. ಹೀಗೆ ಕಲಿತವರು ಕೇಂದ್ರ ಪರಿಸರ ಸಚಿವಾಲಯದ ಓಜೋನ್ ಸೆಲ್ ಸರ್ವಿಸ್ ಟೆಕ್ನಿಷಿಯನ್‌ಗಳಿಗಾಗಿ ನಡೆಸುವ ತರಬೇತಿಗಳನ್ನು ಹುಡುಕಿಕೊಂಡು ಹೋಗಬೇಕು. ಹೊಸ ಶೀತಕಗಳ ಸುರಕ್ಷಿತ ಬಳಕೆ ಅಲ್ಲಿನ ಮುಖ್ಯ ಪಾಠ.

ಸಂಸ್ಥೆ ಆರಿಸುವಾಗ

ಪ್ರಾಸ್ಪೆಕ್ಟಸ್ ಓದುವುದಕ್ಕಿಂತ ವರ್ಕ್‌ಶಾಪಿನೊಳಗೆ ಹತ್ತು ನಿಮಿಷ ನಿಂತು ನೋಡುವುದು ಮೇಲು. ಇನ್ವರ್ಟರ್ ಎ.ಸಿ. ಇದೆಯೇ, ಅಥವಾ ಹಳೆಯ ವಿಂಡೋ ಎ.ಸಿ.ಗಳು ಮಾತ್ರವೇ? ವ್ಯಾಕ್ಯೂಮ್ ಪಂಪಿನ ಜೊತೆ ಮೈಕ್ರಾನ್ ಗೇಜ್ ಇದೆಯೇ? ಶೀತಕ ತೂಗುವ ಡಿಜಿಟಲ್ ತಕ್ಕಡಿ, ಒಳಗಿನ ಶೀತಕವನ್ನು ಹೊರತೆಗೆದುಕೊಳ್ಳುವ ರಿಕವರಿ ಯಂತ್ರ, ರೆಗ್ಯುಲೇಟರ್ ಸಹಿತ ನೈಟ್ರೋಜನ್ ಸಿಲಿಂಡರ್ ಕಣ್ಣಿಗೆ ಬೀಳುತ್ತವೆಯೇ? ಬಿದ್ದರೂ ಅವುಗಳ ಮೇಲೆ ದೂಳು ಕೂತಿದೆಯೇ? ಬೆಂಚಿನ ಕೆಳಗಿನ ಡಬ್ಬದಲ್ಲಿ ಕತ್ತರಿಸಿದ ತಾಮ್ರದ ಪೈಪಿನ ತುಂಡುಗಳು ರಾಶಿ ಬಿದ್ದಿದ್ದರೆ ಅದು ಒಳ್ಳೆಯ ಲಕ್ಷಣ; ಅಲ್ಲಿ ಮಕ್ಕಳ ಕೈಗೆ ಪೈಪು ಕೊಡುತ್ತಾರೆ. ಖಾಸಗಿ ಸಂಸ್ಥೆಯಾದರೆ ಟ್ರೇಡ್‌ಗೆ ಎನ್‌.ಸಿ.ವಿ.ಇ.ಟಿ. ಅಥವಾ ಎಸ್‌.ಸಿ.ವಿ.ಟಿ. (ವೃತ್ತಿ ತರಬೇತಿಯ ರಾಷ್ಟ್ರ ಮತ್ತು ರಾಜ್ಯ ಮಟ್ಟದ ಮಂಡಳಿಗಳ) ಮಾನ್ಯತೆ ಇದೆಯೇ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಖಚಿತಪಡಿಸಿಕೊಳ್ಳಬೇಕು. ಉದ್ಯೋಗ ಗ್ಯಾರಂಟಿ ಎಂಬ ಮಾತಿಗಿಂತ ಹಿಂದಿನ ಬ್ಯಾಚಿನ ಇಬ್ಬರು ಮೂವರೊಂದಿಗೆ ಆಡಿದ ಮಾತು ಹೆಚ್ಚು ತಿಳಿಸುತ್ತದೆ.

ಕಲಿಕೆಯ ಕ್ರಮ

ಎಲ್ಲಿ ಕಲಿತರೂ ಈ ಅನುಕ್ರಮ ತಪ್ಪಬಾರದು. ಮೊದಲಿನದು ಬರದೆ ಮುಂದಿನದಕ್ಕೆ ಹೋದರೆ ಅರ್ಧ ಕಲಿತಂತೆ.

1. ವಿದ್ಯುತ್. ಬಹಳಷ್ಟು ದೂರುಗಳ ಮೂಲ ಗ್ಯಾಸಿನಲ್ಲಿ ಇರುವುದಿಲ್ಲ. ಕೆಪಾಸಿಟರ್, ರಿಲೇ, ಕಾಂಟ್ಯಾಕ್ಟರ್, ಸುಟ್ಟ ತಂತಿಗಳಲ್ಲಿ ಇರುತ್ತದೆ. ಮಲ್ಟಿಮೀಟರ್ ಮತ್ತು ಕ್ಲಾಂಪ್ ಮೀಟರ್ ಬಳಕೆ ಮೊದಲ ತಿಂಗಳಲ್ಲೇ ಬರಬೇಕು. ಕಂಪ್ರೆಸರ್‌ನ ಮೂರು ಪಿನ್‌ಗಳನ್ನು ಗುರುತಿಸುವುದು ಇದಕ್ಕೊಂದು ಒಳ್ಳೆಯ ಅಭ್ಯಾಸ. ಪಿನ್‌ಗಳ ಮೇಲೆ ಗುರುತಿಲ್ಲದ ಒಂದು ಫ್ರಿಜ್ ಕಂಪ್ರೆಸರ್‌ನಲ್ಲಿ ಎರಡೆರಡು ಪಿನ್‌ಗಳ ನಡುವೆ ಅಳೆದಾಗ 15, 25, 40 ಓಮ್ ಬಂತು ಎಂದಿಟ್ಟುಕೊಳ್ಳೋಣ. ಅತಿ ಹೆಚ್ಚು, ಅಂದರೆ 40 ಬಂದದ್ದು ಸ್ಟಾರ್ಟ್ ಮತ್ತು ರನ್ ಪಿನ್‌ಗಳ ನಡುವೆ. ಹಾಗಾದರೆ ಉಳಿದ ಮೂರನೆಯದು ಕಾಮನ್. ಕಾಮನ್‌ನಿಂದ 25 ತೋರಿಸುವುದು ಸ್ಟಾರ್ಟ್, 15 ತೋರಿಸುವುದು ರನ್. 15ಕ್ಕೆ 25 ಕೂಡಿದರೆ 40. ಲೆಕ್ಕ ಕೂಡದಿದ್ದರೆ ವೈಂಡಿಂಗ್‌ನಲ್ಲಿ ದೋಷವಿದೆ ಎಂದು ಅನುಮಾನಿಸಬೇಕು. ಯಾವುದೇ ಪಿನ್‌ಗೂ ಕಂಪ್ರೆಸರ್‌ನ ಲೋಹದ ಮೈಗೂ ಸಂಪರ್ಕ ಸಿಕ್ಕರೆ ಆ ಕಂಪ್ರೆಸರ್ ಮುಗಿಯಿತು. ಇನ್ವರ್ಟರ್ ಎ.ಸಿ.ಗಳ ಕಂಪ್ರೆಸರ್ ಮೂರು ಫೇಸಿನದು. ಅಲ್ಲಿ ಮೂರೂ ಅಳತೆಗಳು ಸಮವಾಗಿರಬೇಕು.

2. ಪೈಪಿನ ಕೆಲಸ. ಕತ್ತರಿಸುವುದು, ಬಗ್ಗಿಸುವುದು, ಫ್ಲೇರ್ ಮಾಡುವುದು, ಬ್ರೇಜಿಂಗ್. ಕತ್ತರಿಸಿದ ಮೇಲೆ ಒಳ ಅಂಚಿನ ಚೂರನ್ನು ರೀಮರ್‌ನಿಂದ ತೆಗೆಯಬೇಕು, ಹಾಗೆ ತೆಗೆಯುವಾಗ ಪೈಪಿನ ಬಾಯಿ ಕೆಳಮುಖವಾಗಿರಬೇಕು. ಇಲ್ಲವಾದರೆ ಚೂರು ಒಳಗೆ ಬಿದ್ದು ಮುಂದೊಂದು ದಿನ ಕ್ಯಾಪಿಲರಿಗೆ ಅಡ್ಡ ಸಿಕ್ಕಿಕೊಳ್ಳುತ್ತದೆ. ಬ್ರೇಜಿಂಗ್ ಮಾಡುವಾಗ ಪೈಪಿನೊಳಗೆ ನೈಟ್ರೋಜನ್ ಮೆಲ್ಲಗೆ ಹರಿಯುತ್ತಿರಬೇಕು. ಹರಿಸದೆ ಕಾಯಿಸಿದ ತಾಮ್ರದ ಪೈಪನ್ನು ಉದ್ದಕ್ಕೆ ಸೀಳಿ ನೋಡಿದರೆ ಒಳಗೋಡೆಯಲ್ಲಿ ಕಪ್ಪು ಹಕ್ಕಳೆ ಕಾಣುತ್ತದೆ, ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತದೆ. ಶೀತಕದ ಜೊತೆ ಅದು ಸುತ್ತಿ ಡ್ರೈಯರ್ ಕಟ್ಟುತ್ತದೆ. ತರಬೇತಿಯಲ್ಲಿ ಪ್ರತಿಯೊಬ್ಬರಿಂದಲೂ ಒಂದು ಪೈಪು ಸೀಳಿಸಿ ತೋರಿಸಿದರೆ ಆಮೇಲೆ ಯಾರಿಗೂ ಬೋಧಿಸುವ ಅಗತ್ಯವಿರುವುದಿಲ್ಲ.

3. ಸೋರಿಕೆ ಪರೀಕ್ಷೆ ಮತ್ತು ವ್ಯಾಕ್ಯೂಮ್. ನೈಟ್ರೋಜನ್ ತುಂಬಿ, ಒತ್ತಡ ಇಳಿಯುತ್ತದೆಯೇ ಎಂದು ಕಾದು, ಕೀಲುಗಳಿಗೆ ಸೋಪಿನ ನೊರೆ ಹಚ್ಚಿ ನೋಡಬೇಕು. ಬಳಿಕ ವ್ಯಾಕ್ಯೂಮ್. ಗಾಳಿ ಹೊರಹಾಕುವುದು ಅದರ ಅರ್ಧ ಕೆಲಸ. ಉಳಿದರ್ಧ ತೇವ ತೆಗೆಯುವುದು. ಒತ್ತಡ ಪಾದರಸದ 24 ಮಿಲಿಮೀಟರಿಗಿಂತ ಕೆಳಗಿಳಿದರೆ 25 ಡಿಗ್ರಿಯಲ್ಲೇ ನೀರು ಕುದಿದು ಆವಿಯಾಗುತ್ತದೆ. ರೂಢಿಯ ಗುರಿ 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್. ಈ ಅಂಕಿ ಮ್ಯಾನಿಫೋಲ್ಡ್ ಗೇಜಿನ ಮುಳ್ಳಿನಲ್ಲಿ ಕಾಣುವುದಿಲ್ಲ, ಮೈಕ್ರಾನ್ ಗೇಜೇ ಬೇಕು. ಪಂಪ್ ನಿಲ್ಲಿಸಿದ ಮೇಲೆ ಅಂಕಿ ಸ್ವಲ್ಪ ಏರಿ ನಿಂತರೆ ಒಳಗೆ ತೇವವಿದೆ. ಏರುತ್ತಲೇ ಹೋದರೆ ಸೋರಿಕೆ ಇದೆ.

4. ಒತ್ತಡವನ್ನು ಓದುವುದು. ಇಡೀ ಕಲಿಕೆಯ ತಿರುಳು ಇದು. ಆರ್-22ರ ಕಾಲದಲ್ಲಿ ಸಕ್ಷನ್ (ಕಂಪ್ರೆಸರ್ ಆವಿ ಎಳೆದುಕೊಳ್ಳುವ ಕಡೆಯ) ಗೇಜು 60ರಿಂದ 70 ಪಿ.ಎಸ್‌.ಐ. ತೋರಿಸಿದರೆ ಸರಿ ಎಂಬ ಬಾಯಿಪಾಠ ಇತ್ತು. ಅದರ ಹಿಂದಿನ ಕಾರಣ ತಿಳಿದವರಿಗೆ ಮಾತ್ರ ಹೊಸ ಶೀತಕ ಅರ್ಥವಾಗುತ್ತದೆ. 68 ಪಿ.ಎಸ್‌.ಐ.ನಲ್ಲಿ ಆರ್-22 ಸುಮಾರು 4.5 ಡಿಗ್ರಿಯಲ್ಲಿ ಕುದಿಯುತ್ತದೆ, ಅದು ಕೋಣೆ ತಣಿಸುವ ಕಾಯಿಲ್‌ಗೆ ತಕ್ಕ ಉಷ್ಣಾಂಶ. ಅದೇ 4.5 ಡಿಗ್ರಿಗೆ ಆರ್-410ಎಗೆ ಸುಮಾರು 118, ಆರ್-32ಗೆ ಸುಮಾರು 121 ಪಿ.ಎಸ್‌.ಐ. ಬೇಕು. ಆರ್-32 ಯಂತ್ರದ ಗೇಜಿನಲ್ಲಿ 68 ಕಂಡು ಸರಿಯಾಗಿದೆ ಎಂದುಕೊಂಡರೆ ಕಾಯಿಲ್ ಸುಮಾರು ಮೈನಸ್ 11 ಡಿಗ್ರಿಗೆ ಇಳಿದು ಮಂಜುಗಡ್ಡೆ ಕಟ್ಟಿರುತ್ತದೆ.

ಮುಂದಿನ ಅಳತೆ ಸೂಪರ್‌ಹೀಟ್. ಒತ್ತಡದಿಂದ ಕುದಿಯುವ ಉಷ್ಣಾಂಶ ತಿಳಿಯಿತು, 4.5 ಎಂದಿರಲಿ. ಸಕ್ಷನ್ ಪೈಪಿಗೆ ಥರ್ಮಾಮೀಟರ್ ಕಟ್ಟಿದಾಗ 11 ಬಂದರೆ ವ್ಯತ್ಯಾಸ 6.5 ಡಿಗ್ರಿ. ಶೀತಕ ಕಾಯಿಲ್‌ನೊಳಗೇ ಪೂರ್ತಿ ಆವಿಯಾಗಿ ಅಷ್ಟು ಬಿಸಿಯಾಗಿ ಹೊರಬಂದಿದೆ ಎಂದರ್ಥ. ಒತ್ತಡ ಕಡಿಮೆಯಿದ್ದು ಸೂಪರ್‌ಹೀಟ್ ಹೆಚ್ಚಿದ್ದರೆ ಕಾಯಿಲ್‌ಗೆ ಶೀತಕ ಸಾಲುತ್ತಿಲ್ಲ. ಗ್ಯಾಸ್ ಸೋರಿರಬಹುದು ಅಥವಾ ಕ್ಯಾಪಿಲರಿ ಕಟ್ಟಿರಬಹುದು. ಒತ್ತಡವೂ ಕಡಿಮೆ, ಸೂಪರ್‌ಹೀಟೂ ಕಡಿಮೆಯಾದರೆ ಶೀತಕಕ್ಕೆ ಶಾಖ ಸಿಗುತ್ತಿಲ್ಲ. ಫಿಲ್ಟರ್ ಕಟ್ಟಿದೆ ಅಥವಾ ಬ್ಲೋವರ್ ನಿಧಾನವಾಗಿದೆ. ಗೇಜಿನ ಮುಳ್ಳು ಎರಡೂ ಕಡೆ ಒಂದೇ ಮಾತು ಹೇಳುತ್ತದೆ. ವ್ಯತ್ಯಾಸ ಹೇಳುವುದು ಥರ್ಮಾಮೀಟರ್. ಎರಡನೆಯ ಸ್ಥಿತಿಯಲ್ಲಿರುವ ಯಂತ್ರಕ್ಕೆ ಗ್ಯಾಸ್ ತುಂಬಿದರೆ ಕಂಪ್ರೆಸರ್‌ಗೆ ದ್ರವ ನುಗ್ಗಿ ಅದು ಹಾಳಾಗುವ ಅಪಾಯವಿದೆ.

5. ಚಾರ್ಜಿಂಗ್. ಇನ್ವರ್ಟರ್ ಯಂತ್ರದ ಕಂಪ್ರೆಸರ್ ವೇಗ ಬದಲಿಸುತ್ತಿರುವುದರಿಂದ ಒತ್ತಡವೂ ಬದಲಾಗುತ್ತಿರುತ್ತದೆ. ನೇಮ್‌ಪ್ಲೇಟಿನ ಮೇಲೆ ಬರೆದ ತೂಕದಷ್ಟು ಶೀತಕವನ್ನು ತೂಗಿ ತುಂಬುವುದೇ ಸರಿಯಾದ ಕ್ರಮ. ಆರ್-410ಎ ಎರಡು ಶೀತಕಗಳ ಮಿಶ್ರಣ. ಅದನ್ನು ಸಿಲಿಂಡರ್‌ನಿಂದ ದ್ರವರೂಪದಲ್ಲೇ ತೆಗೆಯಬೇಕು.

ಎಚ್ಚರಿಕೆಗಳು

ಸೋರಿಕೆ ಪರೀಕ್ಷೆಗೆ ಆಮ್ಲಜನಕ ಬಳಸಲೇಬಾರದು. ಬ್ರೇಜಿಂಗ್‌ಗೆ ತಂದ ಸಿಲಿಂಡರ್ ಪಕ್ಕದಲ್ಲೇ ಇರುವುದರಿಂದ ಈ ಪ್ರಲೋಭನೆ ದೊಡ್ಡದು. ಒತ್ತಡದ ಆಮ್ಲಜನಕ ಕಂಪ್ರೆಸರ್‌ನ ಎಣ್ಣೆಯನ್ನು ಮುಟ್ಟಿದರೆ ಸ್ಫೋಟವಾಗುತ್ತದೆ. ನೈಟ್ರೋಜನ್ ಆದರೂ ರೆಗ್ಯುಲೇಟರ್ ಇಲ್ಲದೆ ಜೋಡಿಸಬಾರದು.

ಆರ್-290 ಗಾಳಿಗಿಂತ ಭಾರ, ನೆಲಮಟ್ಟದಲ್ಲಿ ಶೇಖರವಾಗುತ್ತದೆ. ಗಾಳಿಯಲ್ಲಿ ಶೇಕಡಾ 2ರಷ್ಟು ಸೇರಿದರೂ ಕಿಡಿಗೆ ಹೊತ್ತಿಕೊಳ್ಳಬಲ್ಲದು. ಆರ್-32 ಅಷ್ಟು ಸುಲಭವಾಗಿ ಹೊತ್ತುವುದಿಲ್ಲ, ಆದರೆ ಹೊತ್ತುವುದೇ ಇಲ್ಲ ಎಂದಲ್ಲ. ಇವು ಒಳಗಿರುವಾಗ ಪೈಪಿಗೆ ಟಾರ್ಚ್ ಹಿಡಿಯಬಾರದು. ಆರ್-22 ಬೆಂಕಿಗೆ ಸಿಕ್ಕರೆ ಫಾಸ್ಜೀನ್ ಸೇರಿ ವಿಷಾನಿಲಗಳು ಹುಟ್ಟುತ್ತವೆ. ಮೊದಲು ರಿಕವರಿ, ಆಮೇಲೆ ನೈಟ್ರೋಜನ್, ಅದಾದ ಮೇಲೆ ಬೆಂಕಿ.

ಮೇನ್ ಸ್ವಿಚ್ ತೆಗೆದ ಮಾತ್ರಕ್ಕೆ ಯಂತ್ರ ಸತ್ತಂತಲ್ಲ. ಕೆಪಾಸಿಟರ್‌ನಲ್ಲಿ, ಇನ್ವರ್ಟರ್ ಬೋರ್ಡಿನಲ್ಲಿ ವಿದ್ಯುತ್ ಉಳಿದಿರುತ್ತದೆ. ಕಂಪನಿ ಹೇಳಿದಷ್ಟು ಹೊತ್ತು ಕಾದು, ಮೀಟರ್ ಇಟ್ಟು ಖಚಿತಪಡಿಸಿಕೊಂಡೇ ಕೈಹಾಕಬೇಕು. ನಾಲ್ಕನೆಯ ಮಹಡಿಯ ಸಜ್ಜೆಯ ಮೇಲೆ ಬರಿಗಾಲಲ್ಲಿ ನಿಂತು ಔಟ್‌ಡೋರ್ ಯೂನಿಟ್ ಬಿಚ್ಚುವ ದೃಶ್ಯ ನಗರಗಳಲ್ಲಿ ಸಾಮಾನ್ಯ. ಸೇಫ್ಟಿ ಬೆಲ್ಟ್ ಕೊಡದ ಮಾಲೀಕನ ಕೆಲಸವನ್ನು ನಿರಾಕರಿಸುವ ಹಕ್ಕು ಹೆಲ್ಪರ್‌ಗೂ ಇದೆ. ತರಬೇತಿ ಕೊಡುವವರು ಇದನ್ನು ಬಾಯಿಬಿಟ್ಟು ಹೇಳಬೇಕು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಗ್ಯಾಸ್ ವರ್ಷವರ್ಷ ಖರ್ಚಾಗುತ್ತದೆ ಎಂದು ಗ್ರಾಹಕರಿಗೆ ಹೇಳುವುದು ಮೊದಲನೆಯ ತಪ್ಪು. ಮುಚ್ಚಿದ ಸುತ್ತಿನಲ್ಲಿ ಶೀತಕ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ, ಆ ಜಾಗ ಹುಡುಕದೆ ತುಂಬಿದ್ದು ವ್ಯರ್ಥ.

ವ್ಯಾಕ್ಯೂಮ್ ಪಂಪಿನ ಬದಲು ಶೀತಕವನ್ನೇ ಸ್ವಲ್ಪ ಬಿಟ್ಟು ಗಾಳಿ ಹೊರದೂಡುವುದು ಇನ್ನೊಂದು. ತೇವ ಒಳಗೇ ಉಳಿಯುತ್ತದೆ. ಈಗಿನ ಕಂಪ್ರೆಸರ್ ಎಣ್ಣೆಗಳ ಜೊತೆ ಸೇರಿ ಆಮ್ಲವಾಗಿ ವೈಂಡಿಂಗ್ ತಿನ್ನುತ್ತದೆ.

ಆರ್-600ಎ ಫ್ರಿಜ್‌ನ ಸೋರಿಕೆಯನ್ನು ಯಂತ್ರ ಓಡುತ್ತಿರುವಾಗ ನೊರೆ ಹಚ್ಚಿ ಹುಡುಕುವುದರಲ್ಲಿ ಅನುಭವಿಗಳೂ ಎಡವುತ್ತಾರೆ. ಫ್ರೀಜರ್‌ನ ತಣುಪಿನಲ್ಲಿ ಈ ಶೀತಕದ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಇರುತ್ತದೆ. ರಂಧ್ರವಿದ್ದರೆ ಗುಳ್ಳೆ ಏಳುವುದಿಲ್ಲ, ಹೊರಗಿನ ಗಾಳಿಯೇ ಒಳಗೆ ಎಳೆದುಕೊಳ್ಳುತ್ತದೆ. ಶೀತಕ ತೆಗೆದು ನೈಟ್ರೋಜನ್ ತುಂಬಿದ ಮೇಲೆಯೇ ಆ ಸೋರಿಕೆ ಕಾಣುವುದು.

ಆರ್-22 ಯಂತ್ರಕ್ಕೆ ಅಗ್ಗವೆಂದು ಆರ್-290 ತುಂಬುವುದು ತಪ್ಪಿಗಿಂತ ಹೆಚ್ಚಿನದು, ಮನೆಯವರ ಜೀವಕ್ಕೇ ಅಪಾಯ. ಆ ಯಂತ್ರದ ಸ್ವಿಚ್ಚು, ರಿಲೇಗಳು ಉರಿಯುವ ಅನಿಲಕ್ಕೆಂದು ಮಾಡಿದವಲ್ಲ.

ತರಬೇತಿ ಮುಗಿದ ಮೇಲೆ

ಮೊದಲ ಸಂಬಳದಲ್ಲಿ ಕೊಳ್ಳುವ ಉಪಕರಣಗಳಿಗೂ ಒಂದು ಕ್ರಮವಿದೆ. ನಂಬಬಹುದಾದ ಕ್ಲಾಂಪ್ ಮೀಟರ್, ಪೈಪಿಗೆ ಕಟ್ಟುವ ಥರ್ಮಾಮೀಟರ್, ಹೊಸ ಶೀತಕಗಳ ಒತ್ತಡ ತಾಳುವ ಗೇಜ್ ಮ್ಯಾನಿಫೋಲ್ಡ್ ಮೊದಲು. ಆಮೇಲೆ ತಕ್ಕಡಿ ಮತ್ತು ಮೈಕ್ರಾನ್ ಗೇಜ್. ವ್ಯಾಕ್ಯೂಮ್ ಪಂಪ್ ಆರಂಭದಲ್ಲಿ ಬಾಡಿಗೆಗೆ ತಂದರೂ ನಡೆಯುತ್ತದೆ. ಪ್ರತಿ ಕೆಲಸಕ್ಕೂ ಒಂದು ನೋಟ್‌ಪುಸ್ತಕದಲ್ಲಿ ಮಾಡೆಲ್, ಶೀತಕ, ಒತ್ತಡ, ಪೈಪಿನ ಉಷ್ಣಾಂಶ, ಆಂಪಿಯರ್, ಸಿಕ್ಕ ದೋಷ ಬರೆದಿಡುವವರು ಎರಡನೆಯ ಬೇಸಿಗೆಯ ಹೊತ್ತಿಗೆ ಫೋನಿನಲ್ಲೇ ದೋಷ ಊಹಿಸುವ ಮಟ್ಟಕ್ಕೆ ಬರುತ್ತಾರೆ.

ಮನೆಯ ಎ.ಸಿ. ಕೆಲಸ ಬೇಸಿಗೆಯಲ್ಲಿ ಉಕ್ಕಿ ಮಳೆಗಾಲದಲ್ಲಿ ಬತ್ತುತ್ತದೆ. ವರ್ಷವಿಡೀ ಸಂಬಳ ಬೇಕೆನ್ನುವವರಿಗೆ ಆಸ್ಪತ್ರೆ, ಡೇರಿ, ಕೋಲ್ಡ್ ಸ್ಟೋರೇಜ್, ಕಚೇರಿ ಸಂಕೀರ್ಣಗಳ ಪ್ಲಾಂಟ್ ಕೆಲಸ ಹೊಂದುತ್ತದೆ. ಅಲ್ಲಿ ಶಿಫ್ಟ್ ಡ್ಯೂಟಿ ಇರುತ್ತದೆ, ಲಾಗ್‌ಬುಕ್ ಬರೆಯುವ ಶಿಸ್ತು ಬೇಕಾಗುತ್ತದೆ. ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರು ಐ.ಟಿ.ಐ. ಪ್ರಮಾಣಪತ್ರ, ಅನುಭವಪತ್ರಗಳನ್ನು ಮೊದಲೇ ದೃಢೀಕರಿಸಿಕೊಂಡು, ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ನೋಂದಣಿಯಾದ ಏಜೆಂಟರ ಮೂಲಕವೇ ಹೋಗಬೇಕು. ಕಲಿಸುವ ಒಲವಿದ್ದವರಿಗೆ ರಾಷ್ಟ್ರೀಯ ಕೌಶಲ ತರಬೇತಿ ಸಂಸ್ಥೆಗಳಲ್ಲಿ ಒಂದು ವರ್ಷದ ಬೋಧಕ ತರಬೇತಿ ಇದೆ. ಅದನ್ನು ಮುಗಿಸಿದವರು ಐ.ಟಿ.ಐ.ಗಳಲ್ಲಿ ಕಿರಿಯ ತರಬೇತಿ ಅಧಿಕಾರಿ ಹುದ್ದೆಗೆ ಅರ್ಜಿ ಹಾಕುವಾಗ ಆ ಅರ್ಹತೆ ನೆರವಿಗೆ ಬರುತ್ತದೆ.